ಹೆಪ್ಪುಗಟ್ಟಿದ ಹಿಪ್ಪೆ ಎಣ್ಣೆ

ಕೊಳ್ಳೇಗಾಲ
೨-೧೨-೧೯೫೨

ಚಿರಂಜೀವಿ ಅನಸೂಯಳಿಗೆ ಅಕ್ಕ ವಸಂತಮ್ಮನ ಆಶೀರ್ವಾದ. ಇಲ್ಲಿ ನನ್ನ ಕೈ ಒಂದನ್ನು ಬಿಟ್ಟು ಮಿಕ್ಕವರೆಲ್ಲ ಕ್ಷೇಮ.

ಕಾರ್ತಿಕ ಕಳೆಯುವುದರೊಳಗೆ ಬರಬೇಕಾಗಿದ್ದ ಹಿಪ್ಪೆ ಎಣ್ಣೆಯನ್ನು ನೀನು ಮಾರ್ಗಶಿರದ ಹುಣ್ಣಿಮೆಗೆ ಕಳಿಸಿದ್ದೀಯ. ನಿನ್ನ ಎಣ್ಣೆ ಹೊತ್ತು ಮಾರುವ ಚಿಕ್ಕನಿಂಗಮ್ಮ ನಿನ್ನೆ ತಂದು ಕೊಟ್ಟಳು. ಅಷ್ಟರಲ್ಲಿ ಒಣಗಾಳಿ ಬೀಸಿ ನನ್ನ ಬೆರಳ ತುದಿಗಳು ಬಿರಿಯುವುದಕ್ಕೆ ಶುರುವಾಗಿದ್ದವು. ಬಿರಿದ ಬೆರಳಿಗೆ ರೇಷ್ಮೆ ಎಳೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ನಿನಗೆ ಹೇಳಿಕೊಡಬೇಕೆ? ಎಳೆ ಹರಿಯುತ್ತದೆ, ಪಂಚೆಯಲ್ಲಿ ಗಂಟು ಬೀಳುತ್ತದೆ. ಸಂಜೆ ಕೈಗೆ ಹಿಪ್ಪೆ ಎಣ್ಣೆ ತಿಕ್ಕಿ ಬೆಳಿಗ್ಗೆ ಕಡಲೆಹಿಟ್ಟಿನಲ್ಲಿ ತೊಳೆದರೆ ಚರ್ಮ ಮೆತ್ತಗಾಗುತ್ತದೆ, ನೂಲಿಗೆ ಜಿಡ್ಡೂ ಹತ್ತುವುದಿಲ್ಲ. ಈ ಮೂರು ಬೀದಿಯ ನೇಯುವವರು ಅದಕ್ಕೇ ತಾನೆ ಮಾಂಬಳ್ಳಿ ಎಣ್ಣೆಗೆ ಕಾಯುವುದು.

ನಿನ್ನ ಭಾವ ತೀರಿಹೋದ ಮೇಲೆ ಅವರ ಮಗ್ಗದಲ್ಲಿ ನಾನು ಕೂತಿರುವುದು ಇಲ್ಲಿಯ ಎಷ್ಟೋ ಜನಕ್ಕೆ ಕಣ್ಣುರಿ. ಹೆಂಗಸರು ನೂಲು ಸುತ್ತಬೇಕು, ಮಗ್ಗ ಗಂಡಸರದು ಎನ್ನುತ್ತಾರೆ. ನಾನು ಯಾವತ್ತು ಒಂದು ಪಂಚೆ ಕೆಡಿಸುತ್ತೇನೋ ಎಂದು ಮೈದುನ ದೇವಣ್ಣ ಕಾಯುತ್ತಾ ಕೂತಿದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ ನೀನು ತಡ ಮಾಡಿದೆ.

ಇನ್ನೊಂದು. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಎಣ್ಣೆಯೇ ಇಲ್ಲ, ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಚಮಚ ನೆಟ್ಟಗೆ ನಿಂತಿತು. ಅತ್ತೆ ರಂಗಮ್ಮನವರು ನೋಡಿ, "ಇದೇನವ್ವ, ನಿಮ್ ತೌರ್ನೋರು ಎಣ್ಣೆ ಕಳ್ಸವ್ರೋ ಮ್ಯಾಣ ಕಳ್ಸವ್ರೋ?" ಎಂದರು. ನಾನೂ ನಕ್ಕೆ. ಆದರೆ ಅವ್ವ ಬದುಕಿದ್ದಾಗ ಎಂದೂ ಹೀಗೆ ಬಂದಿರಲಿಲ್ಲ. ಏನು ಬೆರೆಸಿದ್ದೀಯ? ಮುಚ್ಚುಮರೆ ಮಾಡದೆ ಬರೆ.

ನಿನ್ನ ಅಕ್ಕ,
ವಸಂತಮ್ಮ


ಮಾಂಬಳ್ಳಿ
೯-೧೨-೧೯೫೨

ಅಕ್ಕನಿಗೆ ಅನಸೂಯಳ ನಮಸ್ಕಾರ.

ಏನು ಬೆರೆಸಿದೆ ಎಂದು ಕೇಳಿದ್ದೀಯ. ಏನೂ ಬೆರೆಸಿಲ್ಲ, ಅದಕ್ಕೇ ಗಟ್ಟಿಯಾಗಿದೆ. ಇದನ್ನು ಕೇಳುವುದಕ್ಕೆ ನೀನು ಯಾರೋ ಪೇಟೆಯವಳಾಗಿದ್ದರೆ ಸುಮ್ಮನಿರುತ್ತಿದ್ದೆ. ಇದೇ ಒಲೆಯ ಮುಂದೆ ಹದಿನಾರು ವರ್ಷ ಕೂತು ಹೊಗೆ ಕುಡಿದವಳು ನೀನು. ಹಿಪ್ಪೆ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ ಎಂಬುದು ಮರೆತುಹೋಯಿತೆ? ಕೊಡುವಾಗ ಸುರಿಯಲು ಬರಲಿ ಎಂದು ಅವ್ವ ಮೂರರಲ್ಲಿ ಒಂದು ಪಾಲು ಎಳ್ಳೆಣ್ಣೆ ಬೆರೆಸುತ್ತಿದ್ದಳು. ಬೆರೆಸಿ ತಿರುವುತ್ತಿದ್ದವಳು ನೀನೇ. ಕೈ ನೋಯುತ್ತದೆ ಎಂದು ಅಳುತ್ತಿದ್ದವಳೂ ನೀನೇ.

ಈ ಸಲ ನಾನು ಎಳ್ಳೆಣ್ಣೆ ಹಾಕಲಿಲ್ಲ. ಬರೀ ಹಿಪ್ಪೆ ಹಚ್ಚಿದರೆ ಒಡೆದ ಹಿಮ್ಮಡಿಯೂ ನಾಲ್ಕು ದಿನಕ್ಕೆ ಕೂಡಿಕೊಳ್ಳುತ್ತದೆ. ನನ್ನ ಕಾಲಿಗೇ ಹಚ್ಚಿ ನೋಡಿದ್ದೇನೆ. ನಿಮ್ಮ ಬೀದಿಯವರಿಗೆ ಒಳ್ಳೆಯದನ್ನೇ ಕೊಡೋಣ ಅಂತ ಮಾಡಿದೆ. ಅಂಗೈಯಲ್ಲಿ ಇಟ್ಟು ಉಜ್ಜಿದರೆ ತಾನೇ ಕರಗುತ್ತದೆ ಎಂದು ನಿನ್ನ ಅತ್ತೆಗೆ ಹೇಳು.

ತಡವಾಯಿತು ಎಂದು ಬೈದಿದ್ದೀಯ. ನಮ್ಮ ಹೊಲದ ಬದುವಿನ ಎರಡು ಮರದ ಬೀಜ ಸಾಲದೆ ಹನೂರು ಕಡೆಯ ಬಂಡಳ್ಳಿಯಿಂದ ತರಿಸಬೇಕಾಯಿತು. ಸಿಪ್ಪೆ ಒಡೆಯುವುದು, ಒಣಗಿಸುವುದು, ಕುಟ್ಟುವುದು, ನೀರಿನಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ಬಳಿಯುವುದು, ಇಷ್ಟಕ್ಕೂ ಇರುವುದು ನನ್ನವೇ ಎರಡು ಕೈ. ನನ್ನ ಗಂಡ ಇನ್ನೊಂದು ಮನೆ ಮಾಡಿಕೊಂಡು ಹೋದ ಮೇಲೆ ನನಗೆ ಅನ್ನ ಹಾಕುತ್ತಿರುವುದು ಕೊಳ್ಳೇಗಾಲದ ಆ ಮೂರು ಬೀದಿ. ಅಲ್ಲಿಗೆ ನಾನು ಕಲಬೆರಕೆ ಕಳಿಸುತ್ತೇನೆಯೇ? ಕೇಳುವ ಮೊದಲು ನಾಲಿಗೆ ಕಚ್ಚಿಕೊಳ್ಳಬಾರದಾಗಿತ್ತೇ ಅಕ್ಕ?

ಅನಸೂಯ


ಕೊಳ್ಳೇಗಾಲ
೧೫-೧೨-೧೯೫೨

ಅನಸೂಯಳಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಎಳ್ಳೆಣ್ಣೆಯ ವಿಷಯ ನೆನಪಾಯಿತು. ಅಷ್ಟಕ್ಕೇ ಅಷ್ಟೊಂದು ಎಗರಾಡಬೇಕಾಗಿರಲಿಲ್ಲ.

ಸದ್ಯಕ್ಕೆ ಚಿಕ್ಕನಿಂಗಮ್ಮನ ಕೈಲಿ ಡಬ್ಬಿ ಕಳಿಸಬೇಡ. ಪೇಟೆಯಲ್ಲಿ ಪುಟ್ಟಸಿದ್ದಯ್ಯ ಅನ್ನುವವನು ಹೊಸದಾಗಿ ಅಂಗಡಿ ಇಟ್ಟಿದ್ದಾನೆ. ಸ್ನೋ, ಪೌಡರು, ಕೈಗೆ ಹಚ್ಚುವ ಸೀಮೆ ಮುಲಾಮು ಎಲ್ಲ ತರಿಸಿದ್ದಾನೆ. ಅವನು ಎಣ್ಣೆಯ ಮಾತು ಏನೇನೋ ಎತ್ತಿದ್ದಾನೆ. ಬೀದಿಯವರೆಲ್ಲ ನಾಳೆ ನಮ್ಮ ಬೀದಿಯ ಯಜಮಾನರ ಮುಂದೆ ಸೇರುತ್ತಾರಂತೆ. ನೀನು ತಲೆ ಕೆಡಿಸಿಕೊಳ್ಳಬೇಡ, ನಾನು ನೋಡಿಕೊಳ್ಳುತ್ತೇನೆ.

ವಸಂತಮ್ಮ


ಮಾಂಬಳ್ಳಿ
೨೦-೧೨-೧೯೫೨

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಹೋದ ಸಲ ಸಿಟ್ಟಿನಲ್ಲಿ ಬರೆದುಬಿಟ್ಟೆ. ನಾನು ನೋಡಿಕೊಳ್ಳುತ್ತೇನೆ ಎಂದು ನೀನು ಬರೆದದ್ದನ್ನು ಓದಿ ಎದೆ ಹಗುರಾಯಿತು. ಅವ್ವ ಹೋದ ಮೇಲೆ ಹಾಗೆ ಹೇಳುವವರು ನನಗೆ ಇನ್ಯಾರಿದ್ದಾರೆ? ನೀನು ಎದ್ದು ನಿಂತು ಮಾತಾಡಿದರೆ ಆ ಪುಟ್ಟಸಿದ್ದಯ್ಯನ ಬಾಯಿ ತಾನೇ ಮುಚ್ಚುತ್ತದೆ. ಚಿಕ್ಕವಳಿದ್ದಾಗ ಕೂಲಿಮಠದಲ್ಲಿ ನನ್ನ ಬಳಪ ಕಿತ್ತುಕೊಂಡವನ ಜುಟ್ಟು ಹಿಡಿದವಳು ನೀನು.

ಡಬ್ಬಿ ಕಳಿಸಬೇಡ ಎಂದಿದ್ದೆ. ಆದರೆ ಚಳಿ ಇರುವುದು ಇನ್ನು ಒಂದೂವರೆ ತಿಂಗಳು, ಈಗ ಬಿಟ್ಟರೆ ವರ್ಷದ ಗಂಜಿ ಹೋಯಿತು. ಬೀದಿಯವರು ಸೇರಿದ ಕಡೆ ನೀನು ಹೇಳಿಯೇ ಇರುತ್ತೀಯ ಎಂಬ ಧೈರ್ಯದಿಂದ ಚಿಕ್ಕನಿಂಗಮ್ಮನನ್ನು ನಾಡಿದ್ದು ಬಸ್ಸು ಹತ್ತಿಸುತ್ತೇನೆ. ಹನ್ನೆರಡು ಡಬ್ಬಿ ಇದೆ. ಒಂದನ್ನು ನಿನ್ನ ಅತ್ತೆಯ ಹಿಮ್ಮಡಿಗೆ ಎಂದು ನನ್ನ ಹೆಸರು ಹೇಳಿ ಕೊಡು.

ನಿನ್ನ ತಂಗಿ,
ಅನಸೂಯ


ಮಾಂಬಳ್ಳಿ
೨೯-೧೨-೧೯೫೨

ವಸಂತಮ್ಮನವರಿಗೆ,

ಚಿಕ್ಕನಿಂಗಮ್ಮ ವಾಪಸು ಬಂದಳು. ಹನ್ನೆರಡರಲ್ಲಿ ಹನ್ನೊಂದು ಡಬ್ಬಿ ಹಾಗೇ ಬಂದಿವೆ. ಒಂದು ನಿಮ್ಮ ಬೀದಿಯ ಮೋರಿಯಲ್ಲಿದೆ. ಅವಳು ಹೊಸ್ತಿಲ ಮೇಲೆ ಕೂತು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಓದಿಕೋ.

"ನಾನು ಬೀದಿಗೆ ಕಾಲಿಕ್ತಿದ್ದಂಗೆ ಬಾಗ್ಲಾಕಂಡ್ರು ಕಣವ್ವ. ಒಬ್ಳು ಡಬ್ಬೀಯ ಕಿತ್ಕಂಡು ಮೋರೀಗ್ ಎಸುದ್ಲು. 'ಕುರಿ ಕೊಬ್ಬ ಕರಗ್ಸಿ ಎಣ್ಣೆ ಅಂತ ಮಾರ್ಕಂಡು, ಮಡಿ ಪಂಚೆ ನೇಯೋ ಕೈಯ ಮೈಲ್ಗೆ ಮಾಡುದ್ರಲ್ಲ' ಅಂದ್ಲು. ದ್ಯಾವ್ರಾಣೆ ಇಪ್ಪೆ ಬೀಜದ್ದು ಕಣ್ರವ್ವ ಅಂದಿ. 'ಅವ್ಳಕ್ಕನೇ ಯಜಮಾನ್ರ ಮುಂದ್ಗಡೆ ನಿಂತ್ಕಂಡು, ನಂಗೊತ್ತಿಲ್ಲ, ನನ್ ತಂಗಿ ಏನ್ ಬೆರ್ಸವ್ಳೋ ಅಂತ ಏಳವ್ಳೆ. ಇನ್ ನಿಂದೇನು, ನಡಿ' ಅಂದ್ಬುಟ್ರು. ನಿಮ್ಮಕ್ಕಾರ ಮನ್ತಕೂ ಓದಿ. ಕಿಟಕೀಲಿ ನನ್ ಮಖ ನೋಡುದ್ರು, ಒಳೀಕ್ ಎದ್ದೋದ್ರು."

ನಿನಗೆ ಗೊತ್ತಿಲ್ಲವೆ? ಒಂಬತ್ತನೇ ತಾರೀಕು ನಾನು ಬರೆದೆ. ಹದಿನೈದನೇ ತಾರೀಕು ನೀನು ಉತ್ತರ ಬರೆದೆ. 'ಎಳ್ಳೆಣ್ಣೆಯ ವಿಷಯ ನೆನಪಾಯಿತು' ಎಂದು ನಿನ್ನ ಕೈಬರಹದಲ್ಲೇ ಇದೆ, ಈಗ ನನ್ನ ಮುಂದೆ ಬಿಚ್ಚಿಟ್ಟುಕೊಂಡಿದ್ದೇನೆ. ಹದಿನಾರನೇ ತಾರೀಕು ಯಜಮಾನರ ಮುಂದೆ ಆ ನೆನಪು ಎಲ್ಲಿಗೆ ಹೋಯಿತು?

ಪುಟ್ಟಸಿದ್ದಯ್ಯ ಹೇಳಿದರೆ ಅವನ ಮುಲಾಮು ಮಾರಲಿಕ್ಕೆ ಹೇಳಿದ ಅನ್ನಬಹುದು. ನೀನು ಯಾಕೆ ಹೇಳಿದೆ? ನನಗೆ ಉತ್ತರ ಬೇಕು.

ಅನಸೂಯ


ಕೊಳ್ಳೇಗಾಲ
೧೮-೧-೧೯೫೩

ಅನಸೂಯಳಿಗೆ ವಸಂತಮ್ಮನ ಆಶೀರ್ವಾದ.

ಈ ಕಾಗದವನ್ನು ಪಕ್ಕದ ಮನೆ ಮೇಷ್ಟ್ರ ಮಗಳ ಕೈಲಿ ಬರೆಸುತ್ತಿದ್ದೇನೆ.

ಚಿಕ್ಕನಿಂಗಮ್ಮ ಹೇಳಿದ್ದನ್ನೆಲ್ಲ ನಂಬಿ ಅಕ್ಕನ ಮೇಲೆ ಏರಿ ಬರುವುದು ನಿನ್ನ ವಯಸ್ಸಿಗೆ ಶೋಭಿಸುವುದಿಲ್ಲ. ಕೊಬ್ಬು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ನನಗೆ ತಿಳಿಯದು ಎಂದೆ, ಅಷ್ಟೆ. ಬೇರೆ ಏನು ಹೇಳಬೇಕಾಗಿತ್ತು? ಮಡಿ ಪಂಚೆ ಕೊಳ್ಳುವ ಸಾಹುಕಾರರು ಇಡೀ ಬೀದಿಯ ಮಾಲು ಬೇಡ ಎನ್ನುವ ಹಾಗಿದ್ದರು. ದೇವಣ್ಣ ಎಲ್ಲರೆದುರಿಗೆ, "ಅತ್ಗೆ, ನಿಮ್ ತೌರ್ ಎಣ್ಣೆ ಬೇಕಾ, ಮಗ್ಗ ಬೇಕಾ, ಒಂದ್ ಏಳ್ಬುಡಿ" ಎಂದ. ನಿನಗೆ ಎಣ್ಣೆ ಮಾರಲು ಯಳಂದೂರಿದೆ, ಸಂತೇಮರಹಳ್ಳಿ ಇದೆ. ನನಗೆ ಇನ್ನೊಂದು ಮಗ್ಗ ಎಲ್ಲಿದೆ? ಇದು ಅರ್ಥವಾಗದಷ್ಟು ಚಿಕ್ಕವಳಲ್ಲ ನೀನು.

ಒಂದು ವರ್ಷ ಸುಮ್ಮನಿದ್ದರೆ ಜನ ತಾವೇ ಮರೆಯುತ್ತಾರೆ. ನಾನು ಆರೋಗ್ಯವಾಗಿದ್ದೇನೆ. ಕೆಲಸ ಚೆನ್ನಾಗಿ ನಡೆಯುತ್ತಿದೆ.

ಇಂತಿ,
ವಸಂತಮ್ಮ


ಮಾಂಬಳ್ಳಿ
೨೫-೧-೧೯೫೩

ವಸಂತಮ್ಮನವರಿಗೆ,

ಈಗ ನಿಮಗೆ ಕಾಗದ ಬರೆಯುವುದಕ್ಕೂ ಗುಮಾಸ್ತೆ ಬಂದಿದ್ದಾಳೆ. ಮಗ್ಗದ ಮುಂದೆ ಕೂತ ಯಜಮಾನತಿ, ತಂಗಿಗೆ ನಾಲ್ಕು ಸಾಲು ಗೀಚುವುದಕ್ಕೆ ಕೈಗೆ ಬಿಡುವಿಲ್ಲ! ಸುಳ್ಳು ಹೇಳಿದ್ದು ನಿನ್ನ ಬಾಯಿ, ಕಾಗದವನ್ನಾದರೂ ನಿನ್ನ ಕೈ ಬರೆಯಬೇಕಾಗಿತ್ತು. ಮಾನ ಹೋಗುವ ಮಾತನ್ನು ಮೇಷ್ಟ್ರ ಮಗಳಿಗೆ ಹೇಳಿ ಬರೆಸಿ ನನ್ನ ಮನೆಯ ಜಗಳವನ್ನು ಮತ್ತೊಬ್ಬರ ಜಗಲಿಗೆ ಹಾಕಿದ್ದೀಯ.

ಯಳಂದೂರಿದೆ ಎಂದು ಬರೆಸಿದ್ದೀಯ. ಕೊಳ್ಳೇಗಾಲದಿಂದ ಯಳಂದೂರಿಗೆ ದಿನಕ್ಕೆ ಎಷ್ಟು ಬಸ್ಸು ಬರುತ್ತದೆ ಗೊತ್ತೆ? ಒಂದೊಂದರಲ್ಲೂ ನಿನ್ನ ಮಾತು ಕೂತು ಬಂದಿದೆ. ಹೆರಿಗೆಯಾದವರ ಹೊಟ್ಟೆಗೆ ನೀವಲು ಅವ್ವನ ಕಾಲದಿಂದ ಎಣ್ಣೆ ಒಯ್ಯುತ್ತಿದ್ದ ಸೂಲಗಿತ್ತಿ ಮೊನ್ನೆ ಬಂದು ಪಾತ್ರೆ ಹಿಂದಕ್ಕೆ ಕೊಟ್ಟಳು. "ನಂಗೇನೂ ಇಲ್ಲ ಕಣವ್ವ, ಕೂಸಿನ ಮನೆಯೋರು ಬ್ಯಾಡ ಅಂತರೆ" ಎಂದಳು. ನಾನು ಅವಳ ಮುಂದೆ ಎಣ್ಣೆಯನ್ನು ಅನ್ನಕ್ಕೆ ಕಲಸಿ ತಿಂದೆ. ಅವಳು ತಲೆ ತಗ್ಗಿಸಿಕೊಂಡು ಹೋದಳು.

ನನಗೆ ಗಂಡ ಮೋಸ ಮಾಡಿದ. ಆವತ್ತು ಅಳು ಬಂತು. ಈವತ್ತು ಅಳುವೂ ಇಲ್ಲ, ಮೈಯೆಲ್ಲ ಬೆಂಕಿ. ಅವನಿಗೆ ನಾನು ಹೊರಗಿನವಳು. ನಿನಗೆ?

ಒಂದು ವರ್ಷ ಸುಮ್ಮನಿರಬೇಕಂತೆ. ಆ ವರ್ಷವೆಲ್ಲ ನಾನು ಏನು ತಿನ್ನಲಿ? ನನಗೆ ಇನ್ನು ಕಾಗದ ಬರೆಯಬೇಡ. ಬರೆಸಲೂ ಬೇಡ.

ಅನಸೂಯ


ಕೊಳ್ಳೇಗಾಲ
೧೬-೨-೧೯೫೩

ಅನಸೂಯ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ, ಒಂದು ಪುಟಕ್ಕೆ ಎರಡು ದಿನ ಹಿಡಿಯಿತು.

ಹೋದ ಸಲ ಮೇಷ್ಟ್ರ ಮಗಳ ಕೈಲಿ ಬರೆಸಿದ್ದು ದೊಡ್ಡಸ್ತಿಕೆಗಲ್ಲ. ಲೇಖನಿ ಹಿಡಿಯಲು ಬೆರಳು ಮಡಿಸಿದರೆ ಬಿರುಕು ಬಾಯಿ ಬಿಟ್ಟು ರಕ್ತ ಬರುತ್ತಿತ್ತು. ಅವಳೆದುರಿಗೆ ನಿಜ ಹೇಳುವುದಕ್ಕೂ ಬಾಯಿ ಬರಲಿಲ್ಲ. ನಿಜ ಇದು: ನನಗೆ ಗೊತ್ತಿತ್ತು. ಯಜಮಾನರ ಮುಂದೆ ನಿಂತಾಗ ನಿನ್ನ ಕಾಗದ ನನ್ನ ಸೊಂಟದ ಚೀಲದಲ್ಲೇ ಇತ್ತು. ತೆಗೆದು ಓದಿದ್ದರೆ ಮುಗಿಯುತ್ತಿತ್ತು. ದೇವಣ್ಣ ಮಗ್ಗದ ಮಾತೆತ್ತಿದ, ನಾನು ನಿನ್ನನ್ನು ಬಿಟ್ಟುಕೊಟ್ಟೆ.

ಬಿಟ್ಟುಕೊಟ್ಟ ಮೇಲೆ ನಿನ್ನ ಎಣ್ಣೆ ಮುಟ್ಟುವ ಹಾಗಿರಲಿಲ್ಲ. ಹರಳೆಣ್ಣೆ ಹಚ್ಚಿದೆ, ಅಂಟು ಹೋಗಲಿಲ್ಲ. ಹೊಂಗೆ ಹಚ್ಚಿದೆ, ಬಿಳಿ ನೂಲಿಗೆ ಹಳದಿ ಹತ್ತಿತು. ಕಡೆಗೆ ದೇವಣ್ಣನೇ ಪುಟ್ಟಸಿದ್ದಯ್ಯನ ಅಂಗಡಿಯಿಂದ ಸೀಮೆ ಮುಲಾಮು ತಂದುಕೊಟ್ಟ. ಅದು ಚರ್ಮದ ಒಳಕ್ಕೆ ಇಳಿಯುವುದೇ ಇಲ್ಲ, ಮೇಲೇ ಕೂತಿರುತ್ತದೆ. ಎಷ್ಟು ತೊಳೆದರೂ ಜಿಡ್ಡು. ಸಂಕ್ರಾಂತಿ ಮುಗಿದ ವಾರ ಒಂದು ಮದುವೆ ಪಂಚೆಯ ಮೇಲೆ ನನ್ನ ಐದು ಬೆರಳೂ ಮೂಡಿದವು. ಬೀದಿಯಲ್ಲಿ ನನ್ನೊಬ್ಬಳದಲ್ಲ, ಎಲ್ಲರ ಮಾಲೂ ಕೆಟ್ಟಿತು. ಒಬ್ಬರೂ ಬಾಯಿ ಬಿಡಲಿಲ್ಲ. ಕೊಬ್ಬು ಎಂದು ಕೂಗಿದ ಬಾಯಿಗಳು ತಾನೆ.

ನಿನ್ನ ಕಡೆಯ ಕಾಗದವನ್ನು ಹದಿನೈದು ದಿನ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಹೋದ ಸೋಮವಾರ ಯಾರಿಗೂ ಹೇಳದೆ ಹನೂರಿಗೆ ಬಸ್ಸು ಹತ್ತಿದೆ, ಅಲ್ಲಿಂದ ಬಂಡಳ್ಳಿಗೆ ನಡೆದೆ. ನಿನಗೆ ಬೀಜ ಕಳಿಸುವ ಗೋವಿಂದಮ್ಮನ ಮನೆ ಹುಡುಕಿ ಸಿಪ್ಪೆ ಒಡೆದು ಒಣಗಿಸಿದ ಎರಡು ಸೇರು ಬೀಜ ತಂದೆ. ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ, ನಡು ಬೀದಿಯಲ್ಲಿ, ಮೂರು ಕಲ್ಲಿಟ್ಟು ಒಲೆ ಹೂಡಿದೆ. ಅತ್ತೆ, "ಏನವ್ವ, ಉಚ್ಚು ಇಡೀತಾ?" ಎಂದರು. ಒರಳಲ್ಲಿ ಕುಟ್ಟಿದೆ. ಒನಕೆ ಹಿಡಿದರೆ ಕೈ ಉರಿಯಿತು, ಆ ಉರಿಯಲ್ಲಿ ಸಿಟ್ಟು ಇನ್ನೂ ಏರಿತು. ಯಾರ ಮೇಲೆ ಎಂದು ಕೇಳಬೇಡ. ಮೊದಲು ನನ್ನ ಮೇಲೆ, ಆಮೇಲೆ ಸುತ್ತ ನಿಂತು ನೋಡುತ್ತಿದ್ದ ಒಬ್ಬೊಬ್ಬರ ಮೇಲೂ.

ಕುದಿಸಿದೆ. ತೇಲಿದ್ದನ್ನು ಬಟ್ಟಲಿಗೆ ಬಳಿದೆ, ಹೊಂಬಣ್ಣದ ಎಣ್ಣೆ, ನೀರಿನಷ್ಟು ತೆಳು. ಬಟ್ಟಲನ್ನು ಗಡಿಗೆಯ ತಣ್ಣೀರಿನಲ್ಲಿಟ್ಟೆ. ಯಜಮಾನರನ್ನು ಕರೆಸಿ ಪಕ್ಕದಲ್ಲೇ ಕೂರಿಸಿದೆ. ಅವರ ಕಣ್ಣ ಮುಂದೆಯೇ ಅದು ಮೊದಲು ಮಬ್ಬಾಯಿತು, ಆಮೇಲೆ ಬೆಳ್ಳಗೆ ಗಟ್ಟಿಯಾಯಿತು. ಚಮಚ ನೆಟ್ಟೆ, ನಿಂತಿತು. "ಇದ್ರೊಳ್ಗೆ ಯಾವ್ ಕುರಿ ಬಿತ್ತು ತೋರ್ಸಿ" ಎಂದೆ. ಪುಟ್ಟಸಿದ್ದಯ್ಯ ಗುಂಪಿನ ಹಿಂದೆ ನಿಂತಿದ್ದವನು ಯಾವ ಮಾಯದಲ್ಲಿ ಜಾರಿಕೊಂಡನೋ.

ದೇವಣ್ಣ ಕೇಳಿದ: "ಅಂಗಾರೆ ಅವತ್ತೂ ನಿಮ್ಗೆ ಗೊತ್ತಿತ್ತಾ ಅತ್ಗೆ?"

"ಗೊತ್ತಿತ್ತು ಕಣಪ್ಪ. ಮಗ್ಗದ ಆಸೇಗೆ ಸುಳ್ ಏಳ್ದಿ. ನನ್ ತಂಗೀದೇನೂ ತಪ್ಪಿಲ್ಲ" ಎಂದೆ. ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಹೇಳಿದೆ.

ಹೆಂಗಸರು ಒಬ್ಬೊಬ್ಬರಾಗಿ ಬಟ್ಟಲಿಗೆ ಕೈ ಹಾಕಲು ಬಂದರು. ಒಬ್ಬಳ ಬಾಯಲ್ಲಾದರೂ ತಪ್ಪಾಯಿತು ಎಂಬ ಮಾತಿಲ್ಲ. ಬಿರಿದ ಕೈ ಚಾಚಿಕೊಂಡು ಬಂದುಬಿಟ್ಟರು, ಅಷ್ಟೆ. ನಾನು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. "ಯಾರ್ ಎಣ್ಣೇಯ ಮೋರೀಗ್ ಎಸುದ್ರಿ, ಎಸ್ರು ಏಳಿ ತಕಳ್ಳಿ" ಎಂದೆ. ಗೊಣಗಿದರು. ಕಡೆಗೆ ಹೇಳಿದರು. ಮಾಂಬಳ್ಳಿ ಅನಸೂಯಮ್ಮನದು, ಮಾಂಬಳ್ಳಿ ಅನಸೂಯಮ್ಮನದು ಎಂದು ಹತ್ತೊಂಬತ್ತು ಜನ ಹೇಳಿದರು. ಡಬ್ಬಿ ಎಸೆದವಳಿಗೆ ಮೂರು ಸಲ ಹೇಳಿಸಿದೆ.

ಮಗ್ಗ ಹೋಯಿತು. "ಇಡೀ ಬೀದೀಗ್ ಸುಳ್ ಏಳುದ್ ಕೈ, ಇನ್ ನಮ್ಮಣ್ಣನ್ ಮಗ್ಗ ಮುಟ್ಬ್ಯಾಡಿ" ಎಂದ ದೇವಣ್ಣ. ಈಗ ಒಳಕೋಣೆಯಲ್ಲಿ ನೂಲು ಸುತ್ತುತ್ತಿದ್ದೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖವಿಲ್ಲ. ಡಬ್ಬಿ ಕಳಿಸು, ಬೀದಿಯವರು ಕಾಯುತ್ತಿದ್ದಾರೆ.

ವಸಂತ


ಮಾಂಬಳ್ಳಿ
೨೪-೨-೧೯೫೩

ಅಕ್ಕ,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತೆ. ಕ್ಷಮಿಸಿದೆ ಎಂದು ಬರೆಯೋಣ ಎಂದರೆ ಕೈ ಬರಲಿಲ್ಲ. ಎರಡು ಕಾಗದ ಹರಿದೆ. ಇದು ಮೂರನೆಯದು, ಇದರಲ್ಲೂ ಆ ಮಾತಿಲ್ಲ.

ಸುಳ್ಳು ಹೇಳಿದ್ದಕ್ಕೆ ಸಿಟ್ಟಿದೆ. ಕೈ ಒಡೆದು ರಕ್ತ ಸೋರುತ್ತಿದ್ದರೂ 'ಕೆಲಸ ಚೆನ್ನಾಗಿ ನಡೆಯುತ್ತಿದೆ' ಎಂದು ಬರೆಸಿದೆಯಲ್ಲ, ಅದಕ್ಕೆ ಇನ್ನೂ ಹೆಚ್ಚು ಸಿಟ್ಟಿದೆ. ಗುಮಾಸ್ತೆ ಎಂದು ನಾನು ಆಡಿದ ಮಾತು ಈಗ ನನಗೇ ಚುಚ್ಚುತ್ತಿದೆ, ಅದಕ್ಕೂ ನಿನ್ನ ಮೇಲೇ ಸಿಟ್ಟು. ನಿಜ ಹೇಳಿದ್ದಕ್ಕೆ ಮಗ್ಗದಿಂದ ಎಬ್ಬಿಸಿದ ಆ ದೇವಣ್ಣನ ಮೇಲೂ ಸಿಟ್ಟು. ಸುಳ್ಳು ಹೇಳಿದಾಗ ಕೂರಿಸಿಕೊಂಡಿದ್ದನಲ್ಲ! ಅವನ ಮುಖ ಕಂಡರೆ ನಾನೇ ಕೇಳುತ್ತೇನೆ.

ಹನ್ನೊಂದು ಡಬ್ಬಿಯನ್ನೂ ಚಿಕ್ಕನಿಂಗಮ್ಮನ ಕೈಲಿ ಈ ಕಾಗದದ ಜೊತೆ ಕಳಿಸಿದ್ದೇನೆ. ಎಲ್ಲವೂ ಬೀದಿಯವರಿಗೆ. ಅದರಲ್ಲಿ ನಿನ್ನ ಪಾಲಿಗೆ ಒಂದೂ ಇಲ್ಲ, ತೆಗೆದಿಟ್ಟುಕೊಳ್ಳಬೇಡ.

ಸೋಮವಾರ ಬೆಳಗಿನ ಬಸ್ಸಿಗೆ ನೀನೇ ಬಾ. ನಿನ್ನ ಕೈಗೆ ನಾನೇ ಹಚ್ಚುತ್ತೇನೆ. ಹಚ್ಚುವಷ್ಟು ಹೊತ್ತೂ ಬೈಯುತ್ತೇನೆ, ಕೈ ಎಳೆದುಕೊಳ್ಳಬೇಡ.

ಅನಸೂಯ